'ವೆರಿ' ಬೇರೆ, 'ಟೂ' ಬೇರೆ: ಅರ್ಥವನ್ನೇ ಬದಲಿಸುವ ಇಂಗ್ಲಿಷಿನ ಸಣ್ಣ ಪದಗಳು

ಗಲ್ಫಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವ ನಮ್ಮೂರಿನ ಯುವಕನೊಬ್ಬ ಗ್ರಾಹಕರಿಗೆ ಬಟ್ಟೆ ತೋರಿಸುತ್ತಾ 'ದಿಸ್ ಕ್ಲಾತ್ ಈಸ್ ಟೂ ಸಾಫ್ಟ್' ಅಂದ ಅಂತ ಇಟ್ಟುಕೊಳ್ಳಿ. ಅವನ ಮನಸ್ಸಿನಲ್ಲಿರುವುದು ಹೊಗಳಿಕೆ, ಬಟ್ಟೆ ಭಾರೀ ಮೆತ್ತಗೆ ಉಂಟು ಅಂತ. ಆದರೆ ಇಂಗ್ಲಿಷ್ ಚೆನ್ನಾಗಿ ಗೊತ್ತಿರುವ ಗ್ರಾಹಕನಿಗೆ ಕೇಳುವುದು ಬೇರೆಯೇ: 'ಬಟ್ಟೆ ಬೇಕಾದ್ದಕ್ಕಿಂತ ಮೆತ್ತಗಾಯ್ತು, ಬಾಳಿಕೆ ಬರಲಿಕ್ಕಿಲ್ಲ.' ಮಾರುವವನೇ ತನ್ನ ಮಾಲಿನ ದೋಷ ಹೇಳಿದ ಹಾಗಾಯ್ತು. ವ್ಯತ್ಯಾಸ ಇರುವುದು ಒಂದೇ ಒಂದು ಪದದಲ್ಲಿ. 'ಟೂ' ಜಾಗದಲ್ಲಿ 'ವೆರಿ' ಇದ್ದಿದ್ದರೆ ಸಾಕಿತ್ತು.

ಇಂಥ ಪದಗಳನ್ನು ವ್ಯಾಕರಣದಲ್ಲಿ ಅಡ್ವರ್ಬ್ ಅನ್ನುತ್ತಾರೆ. ಸಾಫ್ಟ್, ಹಾಟ್, ಗುಡ್, ಚೀಪ್ ಮುಂತಾದವು ಗುಣ ಹೇಳುವ ಅಡ್ಜೆಕ್ಟಿವ್‌ಗಳು. ಆ ಗುಣ ಎಷ್ಟಿದೆ, ಸ್ವಲ್ಪವೋ, ಸಾಕಷ್ಟೋ, ಮಿತಿಮೀರಿಯೋ ಎಂದು ಅಳೆದು ಹೇಳುವುದು ಅದರ ಮುಂಚೆ ಬರುವ ಅಡ್ವರ್ಬ್‌ನ ಕೆಲಸ.

ಗೊಂದಲ ಎಲ್ಲಿಂದ ಬರುತ್ತದೆ?

ಶಾಲೆಯಲ್ಲಿ 'ವೆರಿ' ಅಂದ್ರೆ ತುಂಬಾ, 'ಟೂ' ಅಂದ್ರೂ ತುಂಬಾ, 'ಸೋ' ಅಂದ್ರೂ ತುಂಬಾ ಅಂತ ಬಾಯಿಪಾಠ ಮಾಡಿಸುವುದುಂಟು. ಗೊಂದಲ ಶುರುವಾಗುವುದೇ ಅಲ್ಲಿ. ಹಾಗೆ ನೋಡಿದರೆ ನಮ್ಮ ಮಾತಿನಲ್ಲೂ ಈ ವ್ಯತ್ಯಾಸ ಇದೆ. 'ಚಾ ತುಂಬಾ ಬಿಸಿ ಉಂಟು' ಅಂದ್ರೆ ಒಳ್ಳೆಯ ಮಾತು. 'ಸಾರಿಗೆ ಉಪ್ಪು ಜಾಸ್ತಿ ಆಯ್ತು' ಅಂದ್ರೆ ದೂರು. ಮೊದಲನೆಯದು 'ವೆರಿ', ಎರಡನೆಯದು 'ಟೂ'. ಇಷ್ಟು ನೆನಪಿಟ್ಟರೆ ಅರ್ಧ ಪಾಠ ಮುಗಿಯಿತು.

'ವೆರಿ' ಬರೀ ಪ್ರಮಾಣ ಹೇಳುತ್ತದೆ. 'ಟೂ' ಮಿತಿ ದಾಟಿದೆ ಎನ್ನುತ್ತದೆ. ಅದರ ಹಿಂದೆಯೇ 'ಆದ್ದರಿಂದ ಆಗುವುದಿಲ್ಲ' ಎಂಬ ಮಾತು ಅಡಗಿರುತ್ತದೆ. 'ದ ಟೀ ಈಸ್ ಟೂ ಹಾಟ್ ಟು ಡ್ರಿಂಕ್' ಎಂಬ ವಾಕ್ಯದಲ್ಲಿ 'ನಾಟ್' ಎಲ್ಲೂ ಇಲ್ಲ. ಆದರೂ ಅರ್ಥ 'ಕುಡಿಯಲು ಆಗದಷ್ಟು ಬಿಸಿ' ಎಂದೇ.

ಈ ಕಾರಣಕ್ಕೆ ಕೆಲಸಕ್ಕೆ ಅರ್ಜಿ ಹಾಕುವವರು 'ಐ ಆಮ್ ಟೂ ಹ್ಯಾಪಿ ಟು ಜಾಯಿನ್ ಯುವರ್ ಕಂಪನಿ' ಎಂದು ಬರೆದರೆ ಎಡವಟ್ಟಾಗುತ್ತದೆ. 'ವೆರಿ ಹ್ಯಾಪಿ ಟು ಜಾಯಿನ್' ಎಂದೇ ಬರೆಯಬೇಕು. 'ಓನ್ಲಿ ಟೂ ಹ್ಯಾಪಿ ಟು ಹೆಲ್ಪ್' ಎಂಬ ನುಡಿಗಟ್ಟು ಇಂಗ್ಲಿಷಿನಲ್ಲಿ ಇದೆ ನಿಜ, ಅದಕ್ಕೆ 'ಖಂಡಿತ ಖುಷಿಯಿಂದ ಮಾಡುತ್ತೇನೆ' ಎಂಬ ಅರ್ಥ. ಆದರೆ ಅದು 'ಓನ್ಲಿ' ಜೊತೆ ಬರುವ ಪ್ರತ್ಯೇಕ ಬಳಕೆ. ಇನ್ನು ನಮ್ಮ ದೇಶದಲ್ಲಿ ಗೆಳೆಯರ ನಡುವೆ 'ಟೂ ಗುಡ್ ಯಾರ್' ಅನ್ನುವುದು ಎಲ್ಲರಿಗೂ ಅರ್ಥವಾಗುತ್ತದೆ. ಮಾತಿಗೆ ಪರವಾಗಿಲ್ಲ, ಅರ್ಜಿಗೆ ಬೇಡ.

ವ್ಯಾಪಾರದಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಇದೆ. 'ಯುವರ್ ಪ್ರೈಸ್ ಈಸ್ ವೆರಿ ಹೈ' ಅಂದರೆ ದರ ಜಾಸ್ತಿ ಎಂಬ ಅಭಿಪ್ರಾಯ ಅಷ್ಟೇ, ಮಾಲು ಒಳ್ಳೆಯದಿದ್ದರೆ ಆತ ಕೊಳ್ಳಲೂಬಹುದು. 'ಟೂ ಹೈ' ಅಂದರೆ ಈ ದರಕ್ಕೆ ಆಗುವುದಿಲ್ಲ ಎಂದರ್ಥ. ದರ ಇಳಿಸುವುದೋ, ಗಿರಾಕಿಯನ್ನು ಬಿಡುವುದೋ ಎಂದು ಮಾರುವವನು ತೀರ್ಮಾನಿಸಬೇಕು.

ಸೋ, ಸಚ್, ಎನಫ್

'ಸೋ' ಬಂದಾಗ ಪರಿಣಾಮವನ್ನು 'ದ್ಯಾಟ್' ಹಾಕಿ ಹೇಳಬಹುದು: 'ದ ಬಸ್ ವಾಸ್ ಸೋ ಕ್ರೌಡೆಡ್ ದ್ಯಾಟ್ ವಿ ಕುಡ್ ನಾಟ್ ಗೆಟ್ ಇನ್.' ಅಡ್ಜೆಕ್ಟಿವ್‌ನ ನಂತರ ವಸ್ತುವಿನ ಹೆಸರೂ ಬಂದರೆ 'ಸೋ' ಬದಲು 'ಸಚ್' ಬೇಕು. 'ಸೋ ಗುಡ್ ಕ್ವಾಲಿಟಿ' ತಪ್ಪು, 'ಸಚ್ ಗುಡ್ ಕ್ವಾಲಿಟಿ' ಸರಿ.

ಈ ಪದಗಳೆಲ್ಲ ಅಡ್ಜೆಕ್ಟಿವ್‌ನ ಮುಂಚೆ ಬಂದರೆ 'ಎನಫ್' ಮಾತ್ರ ಹಿಂದೆ ಬರುತ್ತದೆ. 'ಎನಫ್ ಬಿಗ್' ಅಲ್ಲ, 'ದ ರೂಮ್ ಈಸ್ ಬಿಗ್ ಎನಫ್ ಫಾರ್ ಫೋರ್ ಪೀಪಲ್.' ಕನ್ನಡದಲ್ಲಿ 'ಸಾಕಷ್ಟು ದೊಡ್ಡದು' ಎಂದು ಮೊದಲೇ ಹೇಳುವ ಅಭ್ಯಾಸ ಇರುವುದರಿಂದ ಇಲ್ಲಿ ನಾಲಿಗೆ ತಪ್ಪುತ್ತದೆ.

ಏಣಿಯ ಮೆಟ್ಟಿಲುಗಳು

ಎಲ್ಲದಕ್ಕೂ 'ವೆರಿ' ಹಾಕುವ ಅಗತ್ಯವೂ ಇಲ್ಲ. 'ಸ್ಲೈಟ್ಲಿ ಡ್ಯಾಮೇಜ್ಡ್' ಅಂದ್ರೆ ಸ್ವಲ್ಪ ಹಾಳಾದದ್ದು. 'ಫೇರ್ಲಿ ಗುಡ್' ಅಂದ್ರೆ ತಕ್ಕ ಮಟ್ಟಿಗೆ ಒಳ್ಳೆಯದು. ಮೇಲೆ 'ವೆರಿ', ಇನ್ನೂ ಮೇಲೆ 'ಎಕ್ಸ್‌ಟ್ರೀಮ್ಲಿ'. ನಡುವೆ 'ಕ್ವೈಟ್' ಇದೆ, ಅಲ್ಲಿ ಜಾಗ್ರತೆ ಬೇಕು. ಬ್ರಿಟಿಷರು 'ಕ್ವೈಟ್ ಗುಡ್' ಅಂದರೆ ಹೆಚ್ಚಾಗಿ 'ಪರವಾಗಿಲ್ಲ' ಎಂಬಷ್ಟೇ ಅರ್ಥ. ಅಮೆರಿಕದವರ ಬಾಯಲ್ಲಿ ಅದು ಸಾಮಾನ್ಯವಾಗಿ ಗಟ್ಟಿ ಹೊಗಳಿಕೆ.

ಕೆಲವು ಅಡ್ಜೆಕ್ಟಿವ್‌ಗಳು ಆಗಲೇ ಏಣಿಯ ತುದಿಯಲ್ಲಿರುತ್ತವೆ. ಎಕ್ಸಲೆಂಟ್, ಪರ್ಫೆಕ್ಟ್, ಇಂಪಾಸಿಬಲ್, ಎಗ್ಸಾಸ್ಟೆಡ್ ಇಂಥವು. ಇವುಗಳಿಗೆ 'ವೆರಿ' ಹೊಂದುವುದಿಲ್ಲ. ಒತ್ತು ಬೇಕೇ ಬೇಕಾದರೆ 'ಆಬ್ಸಲ್ಯೂಟ್ಲಿ' ಹಾಕಬಹುದು. 'ವೆರಿ ಟಯರ್ಡ್' ಸರಿ, 'ವೆರಿ ಎಗ್ಸಾಸ್ಟೆಡ್' ಅಲ್ಲ, 'ಆಬ್ಸಲ್ಯೂಟ್ಲಿ ಎಗ್ಸಾಸ್ಟೆಡ್' ಸರಿ.

ಹೋಲಿಕೆ ಮಾಡುವಾಗಲೂ 'ವೆರಿ' ನಿಲ್ಲುವುದಿಲ್ಲ. 'ದಿಸ್ ಈಸ್ ವೆರಿ ಚೀಪರ್', 'ಮೋರ್ ಚೀಪರ್' ಎರಡೂ ತಪ್ಪು. 'ಮಚ್ ಚೀಪರ್' ಅಥವಾ 'ಫಾರ್ ಚೀಪರ್' ಅನ್ನಬೇಕು, ಸ್ವಲ್ಪ ಮಾತ್ರ ಅಗ್ಗವಾದರೆ 'ಎ ಲಿಟಲ್ ಚೀಪರ್'. 'ವೆರಿ ಬೆಟರ್' ಕೂಡ ಹಾಗೆಯೇ, 'ಮಚ್ ಬೆಟರ್' ಸರಿ.

ಬಯೋಡಾಟಾದಲ್ಲಿ ಒಂದು ಹೊಂಡ

ಅಡ್ಜೆಕ್ಟಿವ್‌ಗೆ 'ಲಿ' ಸೇರಿಸಿದರೆ ಅಡ್ವರ್ಬ್ ಆಗುತ್ತದೆ ಎಂಬ ನಿಯಮ ಹೆಚ್ಚಿನ ಕಡೆ ಸರಿ: ರಿಯಲ್, ರಿಯಲಿ, ಎಕ್ಸ್‌ಟ್ರೀಮ್, ಎಕ್ಸ್‌ಟ್ರೀಮ್ಲಿ. ಆದರೆ 'ಹಾರ್ಡ್' ಮತ್ತು 'ಹಾರ್ಡ್ಲಿ' ಇದಕ್ಕೆ ಹೊರತು. 'ಹಾರ್ಡ್ಲಿ' ಒತ್ತು ಕೊಡುವ ಪದವೇ ಅಲ್ಲ, 'ಇಲ್ಲವೇ ಇಲ್ಲ ಎಂಬಷ್ಟು ಕಡಿಮೆ' ಎಂದು ಅದರ ಅರ್ಥ. 'ಐ ವರ್ಕ್ ಹಾರ್ಡ್' ಅಂದ್ರೆ ಕಷ್ಟಪಟ್ಟು ದುಡಿಯುತ್ತೇನೆ. 'ಐ ಹಾರ್ಡ್ಲಿ ವರ್ಕ್' ಅಂದ್ರೆ ಕೆಲಸ ಮಾಡುವುದೇ ಅಪರೂಪ! ಸಂದರ್ಶನದಲ್ಲಿ ಕೂತವರ ಮುಂದೆ ಈ ಎರಡರ ನಡುವಿನ ದೂರ ಸಣ್ಣದಲ್ಲ.

ಜಾಸ್ತಿ ಹಾಕಿದರೆ ತೂಕ ಕಡಿಮೆ

'ವೆರಿ' ಎಂಬ ಪದ ಹಳೆಯ ಫ್ರೆಂಚಿನಿಂದ ಬಂದದ್ದು, ಮೂಲದಲ್ಲಿ ಅದಕ್ಕೆ 'ನಿಜವಾದ' ಎಂಬ ಅರ್ಥವಿತ್ತು. ಬಳಸಿ ಬಳಸಿ ಆ ಅರ್ಥ ಸವೆದು ಬರೀ 'ತುಂಬಾ' ಉಳಿಯಿತು. ನಮ್ಮ 'ಭಾರೀ' ಪದದ ಕಥೆಯೂ ಹೀಗೆಯೇ. ಭಾರ ಅಂದ್ರೆ ತೂಕ, ಆದರೆ 'ಭಾರೀ ಲಾಯ್ಕ್ ಉಂಟು' ಅನ್ನುವಾಗ ಯಾರಿಗೂ ತೂಕ ನೆನಪಾಗುವುದಿಲ್ಲ.

ಅತಿಯಾಗಿ ಬಳಸಿದ ಪದಕ್ಕೆ ಬಲ ಕಡಿಮೆಯಾಗುತ್ತದೆ. ಪ್ರತಿ ಮಾಲಿಗೂ 'ವೆರಿ ವೆರಿ ಬೆಸ್ಟ್ ಕ್ವಾಲಿಟಿ' ಅನ್ನುವ ಅಂಗಡಿಯವನ ಮಾತನ್ನು ಗಿರಾಕಿ ನಂಬುವುದಿಲ್ಲ. ವ್ಯಾಕರಣದ ಪ್ರಕಾರವೂ 'ಬೆಸ್ಟ್' ಮೊದಲೇ ತುದಿಯಲ್ಲಿದೆ. 'ದ ವೆರಿ ಬೆಸ್ಟ್' ಎಂಬ ರೂಪ ಮಾತ್ರ ಬಳಕೆಯಲ್ಲಿದೆ.

ಆದ್ದರಿಂದ ಇಂಗ್ಲಿಷಿನಲ್ಲಿ ಮೆಸೇಜ್, ಅರ್ಜಿ, ದೂರು ಏನೇ ಬರೆಯಲಿ, ಕಳುಹಿಸುವ ಮುಂಚೆ ಮೂರು ಸಂಗತಿ ನೋಡಿಕೊಳ್ಳಬೇಕು. 'ಟೂ' ಇದ್ದರೆ ನಾವು ಹೇಳುತ್ತಿರುವುದು ದೂರೋ, ಹೊಗಳಿಕೆಯೋ? ಹೋಲಿಕೆಯ ಪದದ ಮುಂದೆ 'ವೆರಿ' ಬಂದಿದೆಯಾ? ಒತ್ತಿನ ಪದ ತೆಗೆದರೂ ವಾಕ್ಯ ನಿಲ್ಲುತ್ತದಾ? ನಿಂತರೆ ಎಷ್ಟೋ ಕಡೆ ತೆಗೆಯುವುದೇ ಒಳ್ಳೆಯದು. ನಮ್ಮ ಮಕ್ಕಳು ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಮಲಯಾಳಂ ಎಂದು ದಿನಕ್ಕೆ ನಾಲ್ಕು ಭಾಷೆ ಬದಲಿಸುವವರು. ಅವರಿಗೆ ಈ ನಾಲ್ಕೈದು ಪದಗಳ ಅಳತೆ ಕಲಿಯುವುದು ಕಷ್ಟದ ಕೆಲಸವೇನಲ್ಲ.