ರಹದಾರಿಯ ಗಡಿ

ಕನ್ನಡದಲ್ಲಿ ‘ರಹದಾರಿ’ ಎಂಬ ಹಳೆಯ ಮಾತೊಂದುಂಟು. ಪಾರಸಿಯಿಂದ ಬಂದು ನಮ್ಮ ಕಚೇರಿಗಳಲ್ಲಿ ನೆಲೆನಿಂತ ಮಾತು ಅದು. ‘ರಾಹ್’ ಎಂದರೆ ದಾರಿ. ದಾರಿಯಲ್ಲಿ ತಡೆಯಿಲ್ಲದೆ ಸಾಗಲು ಕೊಡುವ ಅಪ್ಪಣೆಯ ಚೀಟಿಯೇ ರಹದಾರಿ. ಚೀಟಿಯ ಬೆಲೆಯೆಲ್ಲ ಇರುವುದು ಅದರ ಮೊಹರಿನಲ್ಲಿ. ಆ ಮೊಹರನ್ನು ಮನ್ನಿಸುವ ಸೀಮೆ ಮುಗಿದಲ್ಲಿ ಅದು ಬರಿಯ ಕಾಗದ. ಇಂದು ನಾವು ಜೇಬಿನಲ್ಲಿಟ್ಟುಕೊಂಡು ತಿರುಗುವ ವಾಹನ ಚಾಲನೆಯ ಲೈಸೆನ್ಸು ಈ ರಹದಾರಿಯ ವಂಶದ್ದೇ. ‘ಈ ವ್ಯಕ್ತಿಗೆ ವಾಹನ ನಡೆಸಲು ಬರುತ್ತದೆ, ನಾವು ಪರೀಕ್ಷಿಸಿ ನೋಡಿದ್ದೇವೆ’ ಎಂದು ಒಂದು ಸರ್ಕಾರ ನುಡಿಯುವ ಸಾಕ್ಷ್ಯ ಅದು. ಈ ಸಾಕ್ಷ್ಯವನ್ನು ಇನ್ನೊಂದು ಸರ್ಕಾರ ಎಷ್ಟು ದೂರ, ಎಷ್ಟು ದಿನ ನಂಬಬೇಕು? ಮಕ್ಕಳು ಅಮೆರಿಕಕ್ಕೆ ಹೋಗಿ ನೆಲಸಿರುವ ನಮ್ಮ ಅನೇಕ ಮನೆಗಳಲ್ಲಿ ಇದು ಈಗ ಕೇವಲ ವಿಚಾರದ ಪ್ರಶ್ನೆಯಾಗಿ ಉಳಿದಿಲ್ಲ.

ಭಾರತದಲ್ಲಿ ಈ ಪ್ರಶ್ನೆಗೆ ಉತ್ತರ ಸರಳವಾಗಿದೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೩ನೆಯ ವಿಧಿಯ ಪ್ರಕಾರ ಯಾವುದೇ ರಾಜ್ಯದಲ್ಲಿ ಪಡೆದ ಲೈಸೆನ್ಸು ಭಾರತದಾದ್ಯಂತ ಸಲ್ಲುತ್ತದೆ. ಮೈಸೂರಿನಲ್ಲಿ ಪಡೆದದ್ದು ಗುವಾಹಟಿಯಲ್ಲಿಯೂ ನಡೆಯುತ್ತದೆ. ಹನ್ನೆರಡು ತಿಂಗಳು ಮೀರಿ ಪರರಾಜ್ಯದಲ್ಲಿ ಇರಿಸಿಕೊಂಡ ವಾಹನದ ನೋಂದಣಿಯನ್ನು ಬದಲಿಸಬೇಕಾಗುವುದು ನಿಜ. ಆದರೆ ಅದು ಗಾಡಿಯ ಮಾತು, ಅದನ್ನು ನಡೆಸುವವನ ಮಾತಲ್ಲ. ಈ ವ್ಯವಸ್ಥೆಯಲ್ಲಿ ಬೆಳೆದವರು ಅಮೆರಿಕಕ್ಕೆ ಹೋದಾಗ, ಅಲ್ಲಿಯೂ ದೇಶಕ್ಕೆಲ್ಲ ಒಂದೇ ನಿಯಮವಿದ್ದೀತೆಂದು ಭಾವಿಸುವುದು ಸಹಜ. ತೊಡಕು ಮೊದಲಾಗುವುದು ಅಲ್ಲಿಯೇ.

ಅಮೆರಿಕವನ್ನು ನಮ್ಮ ಹಿರಿಯರು ‘ಸಂಯುಕ್ತ ಸಂಸ್ಥಾನಗಳು’ ಎಂದು ಕರೆದರು. ಲೈಸೆನ್ಸಿನ ವಿಷಯದಲ್ಲಿ ಆ ಹೆಸರು ಅಕ್ಷರಶಃ ನಿಜ. ಇಡೀ ದೇಶದ್ದೆಂದು ಹೇಳಬಹುದಾದ ಸಾಮಾನ್ಯ ಚಾಲನಾ ಲೈಸೆನ್ಸು ಅಲ್ಲಿ ಇಲ್ಲ. ಐವತ್ತು ರಾಜ್ಯಗಳೂ ರಾಜಧಾನಿಯ ಪ್ರದೇಶವೂ ತಮ್ಮ ತಮ್ಮ ಲೈಸೆನ್ಸನ್ನು ತಾವೇ ಕೊಡುತ್ತವೆ. ಕೇಂದ್ರಕ್ಕೆ ಒಪ್ಪಿಸದ ಅಧಿಕಾರಗಳು ರಾಜ್ಯಗಳಿಗೆ ಅಥವಾ ಜನತೆಗೆ ಉಳಿದಿವೆ ಎಂದು ಆ ದೇಶದ ಸಂವಿಧಾನಕ್ಕೆ ೧೭೯೧ರಲ್ಲಿ ಸೇರಿದ ಹತ್ತನೆಯ ತಿದ್ದುಪಡಿ ಹೇಳುತ್ತದೆ. ಮೋಟಾರು ಬಂದಾಗ ರಸ್ತೆಯ ಕಟ್ಟಳೆ ರಾಜ್ಯಗಳ ಪಾಲಿಗೇ ಬಂತು. ಮ್ಯಾಸಚೂಸೆಟ್ಸ್ ಮತ್ತು ಮಿಸೌರಿ ರಾಜ್ಯಗಳು ೧೯೦೩ರಲ್ಲಿಯೇ ಚಾಲಕರಿಗೆ ಲೈಸೆನ್ಸನ್ನು ಕಡ್ಡಾಯ ಮಾಡಿದರೆ, ದಕ್ಷಿಣ ಡಕೋಟಾ ಹಾಗೆ ಮಾಡಿದ್ದು ೧೯೫೪ರಲ್ಲಿ. ಒಂದೇ ದೇಶದೊಳಗೆ ಅರ್ಧ ಶತಮಾನದ ಅಂತರ! ವಾಷಿಂಗ್ಟನ್ನಿನಿಂದ ನೆರೆಯ ಮೇರಿಲ್ಯಾಂಡ್ ರಾಜ್ಯಕ್ಕೆ ಕಾರು ನಡೆಸಿಕೊಂಡು ಹೋಗಿ, ಅಲ್ಲಿಯ ನೋಂದಣಿ ಇಲ್ಲದ ಕಾರಣ ದಂಡಕ್ಕೆ ಗುರಿಯಾದ ಹೆಂಡ್ರಿಕ್ ಎಂಬಾತನ ಮೊಕದ್ದಮೆಯಲ್ಲಿ, ಹೊರರಾಜ್ಯದವರ ಮೇಲೂ ಇಂಥ ಕಟ್ಟಳೆ ಹಾಕುವ ಹಕ್ಕು ರಾಜ್ಯಕ್ಕೆ ಉಂಟೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ೧೯೧೫ರಲ್ಲಿ ತೀರ್ಪಿತ್ತಿತು. ಇಂದು ಒಂದು ರಾಜ್ಯದ ಲೈಸೆನ್ಸುಳ್ಳವರು ಪ್ರವಾಸಿಗಳಾಗಿ ಇನ್ನೊಂದು ರಾಜ್ಯಕ್ಕೆ ಹೋದರೆ ಯಾರೂ ತಡೆಯುವುದಿಲ್ಲ. ಆದರೆ ಹೋದವರು ಅಲ್ಲಿಯೇ ನಿಂತರೆ ಮಾತು ಬೇರೆ.

ಈ ‘ನಿಲ್ಲುವುದು’ ಎಂಬುದೇ ಇಡೀ ವಿಷಯದ ಕೀಲು. ನಿಂತ ತಿಥಿಯ ಎಣಿಕೆ ಇಲ್ಲದವನು ‘ಅತಿಥಿ’ ಎಂದು ನಮ್ಮ ಹಿಂದಿನವರು ಆ ಪದವನ್ನು ಬಿಡಿಸಿದರು. ಅಮೆರಿಕದ ರಸ್ತೆಯ ಕಾನೂನು ಸಹ ಅತಿಥಿಯನ್ನು ಒಂದು ಬಗೆಯಾಗಿ, ನೆಲಸಿಗನನ್ನು ಇನ್ನೊಂದು ಬಗೆಯಾಗಿ ಕಾಣುತ್ತದೆ.

ಮೊದಲು ಅತಿಥಿಯ ಮಾತು. ೧೯೪೯ರಲ್ಲಿ ಜಿನೀವಾದಲ್ಲಿ ಆದ ರಸ್ತೆ ಸಂಚಾರದ ಒಪ್ಪಂದಕ್ಕೆ ಅಮೆರಿಕವೂ ಭಾರತವೂ ಸೇರಿವೆ. ಒಂದು ದೇಶದ ಲೈಸೆನ್ಸುಳ್ಳ ಪ್ರವಾಸಿಯನ್ನು ಮತ್ತೆ ಪರೀಕ್ಷೆಗೆ ಒಡ್ಡದೆ ವಾಹನ ನಡೆಸಗೊಡಬೇಕೆಂಬುದು ಅದರ ತಿರುಳು. ಒಂದೇ ಸಮನೆ ಒಂದು ವರ್ಷ ಮೀರಿ ಉಳಿದವನಿಗೆ ಈ ಸೌಲಭ್ಯ ಕೊಡಲೇಬೇಕೆಂಬ ಕಟ್ಟು ಇಲ್ಲ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಎಂಬ ಪುಸ್ತಿಕೆಯ ಹಿನ್ನೆಲೆ ಇದು. ಹೆಸರಿನ ಹಿರಿಮೆಗೆ ಮಾರುಹೋಗಿ, ಇದೊಂದಿದ್ದರೆ ಸಾಕೆಂದು ತಿಳಿದವರು ಬಹಳ. ವಾಸ್ತವವಾಗಿ ಅದು ಮೂಲ ಲೈಸೆನ್ಸಿನ ಅನುವಾದವೇ ಹೊರತು ಸ್ವತಂತ್ರ ಕೃತಿಯಲ್ಲ. ಮೂಲವಿಲ್ಲದೆ ಅನುವಾದಕ್ಕೆ ಬಲವಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯವಂತೂ ಅದನ್ನು ಲೈಸೆನ್ಸೆಂದು ಪರಿಗಣಿಸುವುದೇ ಇಲ್ಲ; ಪ್ರವಾಸಿ ತನ್ನ ದೇಶದ ಊರ್ಜಿತ ಲೈಸೆನ್ಸನ್ನೇ ತೋರಬೇಕು.

ರಾಜ್ಯದ ಕಾನೂನಿಗೂ ದೇಶದ ವಚನಕ್ಕೂ ಘರ್ಷಣೆಯಾದರೆ ಏನಾಗುತ್ತದೆಂಬುದಕ್ಕೆ ಫ್ಲಾರಿಡಾ ಒಂದು ನಿದರ್ಶನ. ಎಲ್ಲ ವಿದೇಶೀ ಪ್ರವಾಸಿಗಳೂ ಈ ಅಂತರರಾಷ್ಟ್ರೀಯ ಪರವಾನಗಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳಲೇಬೇಕೆಂಬ ನಿಯಮ ೨೦೧೩ರ ಜನವರಿ ೧ರಿಂದ ಅಲ್ಲಿ ಜಾರಿಗೆ ಬಂತು. ಚಳಿಗಾಲ ಕಳೆಯಲು ಅಲ್ಲಿಗೆ ಇಳಿದು ಬರುವ ಕೆನಡಾದ ಜನರಲ್ಲಿ ಗಲಿಬಿಲಿ ಎದ್ದಿತು. ಜಿನೀವಾ ಒಪ್ಪಂದಕ್ಕೆ ಇದು ವಿರುದ್ಧವಾದೀತೆಂಬ ಶಂಕೆಯಿಂದ ಪೊಲೀಸರು ಫೆಬ್ರವರಿಯಲ್ಲಿ ಕೈತಡೆದರು. ಏಪ್ರಿಲ್ ವೇಳೆಗೆ ರಾಜ್ಯ ಆ ನಿಯಮವನ್ನೇ ಹಿಂದೆಗೆದುಕೊಂಡಿತು.

ಇನ್ನು ನೆಲಸಿಗನ ಮಾತು. ಅತಿಥಿ ಯಾವ ಗಳಿಗೆಯಲ್ಲಿ ನೆಲಸಿಗನಾಗುತ್ತಾನೆ? ವೀಸಾದ ಹೆಸರೊಂದೇ ಇದನ್ನು ತೀರ್ಮಾನಿಸುವುದಿಲ್ಲ. ಫ್ಲಾರಿಡಾದಲ್ಲಿ ಉದ್ಯೋಗ ಹಿಡಿದರೆ, ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿದರೆ, ಅದೇ ನೆಲಸಿದ ಗುರುತು. ಕ್ಯಾಲಿಫೋರ್ನಿಯಾದಲ್ಲಿ ನಿವಾಸಿಗಳಿಗೆ ಮಾತ್ರ ದೊರೆಯುವ ಶುಲ್ಕದ ರಿಯಾಯಿತಿಯನ್ನು ಕಾಲೇಜಿನಲ್ಲಿ ಪಡೆದರೂ ಗುರುತೇ. ಅಂದಿನಿಂದ ಗಡಿಯಾರ ಓಡತೊಡಗುತ್ತದೆ. ಕ್ಯಾಲಿಫೋರ್ನಿಯಾ ಕೊಡುವ ಗಡುವು ೧೦ ದಿನ. ನ್ಯೂಯಾರ್ಕ್ ಮತ್ತು ಫ್ಲಾರಿಡಾ ೩೦ ದಿನ. ಟೆಕ್ಸಾಸ್ ೯೦ ದಿನ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ತರುಣನೊಬ್ಬ ಕೆಲಸಕ್ಕೆಂದು ಟೆಕ್ಸಾಸಿನ ಡಲ್ಲಾಸ್ ನಗರಕ್ಕೆ ಹೋಗಿ, ಭಾರತದ ಲೈಸೆನ್ಸಿನಲ್ಲಿಯೇ ಎರಡು ತಿಂಗಳು ಕಾರು ನಡೆಸಿದ. ಅಷ್ಟರಲ್ಲಿ ಅವನಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ವರ್ಗವಾಯಿತು. ತೊಂಬತ್ತರಲ್ಲಿ ಇನ್ನೂ ಮೂವತ್ತು ದಿನ ಉಳಿದಿವೆಯಲ್ಲ ಎಂದು ಅವನು ಲೆಕ್ಕ ಹಾಕಿದರೆ ಕೆಟ್ಟ. ಒಂದು ರಾಜ್ಯದ ಗಡುವಿನ ಶೇಷ ಇನ್ನೊಂದರ ಖಾತೆಗೆ ಜಮೆಯಾಗುವುದಿಲ್ಲ. ಅಲ್ಲಿ ಅವನಿಗಿರುವುದು ಹತ್ತೇ ದಿನ. ಡಲ್ಲಾಸಿನಲ್ಲಿದ್ದಾಗಲೇ ಟೆಕ್ಸಾಸಿನ ಲೈಸೆನ್ಸು ಪಡೆದಿದ್ದರೆ ದಾರಿ ಸುಗಮವಾಗುತ್ತಿತ್ತು. ಒಂದು ರಾಜ್ಯದ್ದನ್ನು ಒಪ್ಪಿಸಿ ಇನ್ನೊಂದರದನ್ನು ಪಡೆಯುವಾಗ ರಸ್ತೆಯ ಪರೀಕ್ಷೆಯನ್ನು ಸಾಮಾನ್ಯವಾಗಿ ಬಿಟ್ಟುಕೊಡುತ್ತಾರೆ. ವಿದೇಶದ ಲೈಸೆನ್ಸಿಗೆ ಆ ಮರ್ಯಾದೆ ವಿರಳ. ಜರ್ಮನಿ, ದಕ್ಷಿಣ ಕೊರಿಯಾಗಳಂಥ ದೇಶಗಳೊಡನೆ ಕೆಲವು ರಾಜ್ಯಗಳು ಪರಸ್ಪರ ಒಡಂಬಡಿಕೆ ಮಾಡಿಕೊಂಡಿವೆ. ನಮ್ಮವರು ಸಾಮಾನ್ಯವಾಗಿ ಲಿಖಿತ ಪರೀಕ್ಷೆಯನ್ನೂ ರಸ್ತೆಯ ಪರೀಕ್ಷೆಯನ್ನೂ ಹೊಸದಾಗಿ ಕೊಡಬೇಕು.

ಇಪ್ಪತ್ತು ವರ್ಷ ಬೆಂಗಳೂರಿನ ದಟ್ಟಣೆಯಲ್ಲಿ ಕಾರು ನಡೆಸಿದವನಿಗೆ ಇದು ಅವಮಾನವೆನಿಸಬಹುದು. ಆದರೆ ಪರೀಕ್ಷೆ ಕೇಳುವುದು ಕೈಚಳಕವನ್ನಷ್ಟೇ ಅಲ್ಲ, ಅಭ್ಯಾಸವನ್ನು. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಸಾಗುತ್ತವೆ. ನಾಲ್ಕು ಕಡೆಯೂ ‘ನಿಲ್ಲು’ ಎಂಬ ಫಲಕವಿರುವ ಚೌಕದಲ್ಲಿ ಎಲ್ಲರೂ ಪೂರ್ಣವಾಗಿ ನಿಂತು, ಮೊದಲು ಬಂದವರು ಮೊದಲು ಹೋಗಬೇಕು. ಏಕಕಾಲಕ್ಕೆ ಬಂದರೆ ಬಲಗಡೆಯವರಿಗೆ ದಾರಿ ಬಿಡಬೇಕು. ಶಾಲೆಯ ಬಸ್ಸು ಕೆಂಪು ದೀಪ ಮಿನುಗಿಸಿ ಮಕ್ಕಳನ್ನು ಇಳಿಸುವಾಗ ಹಿಂದಿನವರು ನಿಲ್ಲಲೇಬೇಕು. ನಡುವೆ ವಿಭಜಕವಿಲ್ಲದ ರಸ್ತೆಯಾದರೆ ಎದುರಿನವರೂ ನಿಲ್ಲಬೇಕು. ಹಾರನ್ನಿನಿಂದ ದಾರಿ ಕೇಳುವ ನಮ್ಮ ವಾಡಿಕೆಗೆ ಅಲ್ಲಿ ಅರ್ಥವಿಲ್ಲ. ಇಲ್ಲಿಯ ನೈಪುಣ್ಯ ಅಲ್ಲಿ ಕೆಲವೊಮ್ಮೆ ಅಪಾಯವೇ ಆದೀತು.

ಗಡುವು ಮೀರಿದರೆ ನಷ್ಟ ಸಣ್ಣದಲ್ಲ. ಲೈಸೆನ್ಸಿಲ್ಲದೆ ವಾಹನ ನಡೆಸುವುದು ಹಲವು ರಾಜ್ಯಗಳಲ್ಲಿ ಕೇವಲ ದಂಡ ತೆತ್ತು ಮುಗಿಸುವ ತಪ್ಪಲ್ಲ, ಶಿಕ್ಷಾರ್ಹ ಅಪರಾಧ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲೂ ಆಸ್ಪದವುಂಟು. ಇನ್ನೊಂದು ಮುಖವೂ ಇದೆ. ಬಸ್ಸು ಸುಳಿಯದ ಬಡಾವಣೆಯಲ್ಲಿ, ಗಂಡ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿದ ಹೆಣ್ಣುಮಗಳಿಗೆ ತರಕಾರಿಯಂಗಡಿಯೂ ವೈದ್ಯರೂ ಲೈಸೆನ್ಸಿನ ಆಚೆಗೇ ಇರುತ್ತಾರೆ. ಅವಳಿಗೆ ಅದು ಸ್ವಾತಂತ್ರ್ಯದ ಪತ್ರ.

ಆದುದರಿಂದ ಹೊರಡುವವರು ಮಾಡಬೇಕಾದ ಕೆಲಸಗಳು ಕೆಲವುಂಟು. ಇಲ್ಲಿಯ ಲೈಸೆನ್ಸಿನ ಅವಧಿ ಮುಗಿಯುವಂತಿದ್ದರೆ ನವೀಕರಿಸಿ, ಮೂಲವನ್ನೇ ಜೊತೆಗೆ ಒಯ್ಯಬೇಕು. ಅಂತರರಾಷ್ಟ್ರೀಯ ಪರವಾನಗಿ ಬೇಕಾದರೆ ಹೊರಡುವ ಮುನ್ನವೇ ತಮ್ಮ ಊರಿನ ಸಾರಿಗೆ ಕಚೇರಿಯಲ್ಲಿ ಪಡೆಯುವುದು ಲೇಸು. ನೆಲಸುವ ರಾಜ್ಯದ ಚಾಲಕರ ಕೈಪಿಡಿಯನ್ನು ತರಿಸಿ ಓದಬೇಕು. ಪಾಸ್‌ಪೋರ್ಟು, ವಾಸದ ಅನುಮತಿ, ಮನೆಯ ವಿಳಾಸದ ದಾಖಲೆ ಇವನ್ನು ಸಿದ್ಧವಾಗಿಡಬೇಕು. ವಾಸದ ಅನುಮತಿ ಮುಗಿಯುವ ದಿನವೇ ಅನೇಕ ವೇಳೆ ಲೈಸೆನ್ಸಿನ ಕೊನೆಯ ದಿನವೂ ಆಗಿರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಬೇರೆ ರಾಜ್ಯದಲ್ಲಿರುವ ಗೆಳೆಯನ ಅನುಭವವನ್ನು ತನ್ನ ರಾಜ್ಯದ ಕಾನೂನೆಂದು ನಂಬಬಾರದು. ಅವನು ಹೇಳಿದ್ದು ಅವನು ಇರುವಲ್ಲಿ ಸತ್ಯವೇ ಇರಬಹುದು. ಗಡಿ ದಾಟಿದೊಡನೆ ಆ ಮಾತನ್ನು ಹೊಸದಾಗಿ ವಿಚಾರಿಸಿಕೊಳ್ಳಬೇಕು.