ಸ್ಪೋರ್ಟ್ಸ್ ಬೈಕುಗಳ ಎಂಜಿನ್ ಗಾತ್ರ ಮತ್ತು ಆಯ್ಕೆ

ಸ್ಪೋರ್ಟ್ಸ್ ಬೈಕ್ ಎಂದರೆ ವೇಗ, ಬ್ರೇಕಿನ ಸಾಮರ್ಥ್ಯ ಹಾಗೂ ತಿರುವುಗಳಲ್ಲಿನ ಹಿಡಿತಕ್ಕೆ ಪ್ರಾಧಾನ್ಯ ನೀಡಿ ರೂಪಿಸಲಾದ ಮೋಟಾರ್‌ಸೈಕಲ್. ಸವಾರನು ಮುಂದಕ್ಕೆ ಬಾಗಿ ಕುಳಿತುಕೊಳ್ಳುವ ಭಂಗಿ, ತಗ್ಗಿನಲ್ಲಿರುವ ಹ್ಯಾಂಡಲ್, ಗಾಳಿಯ ತಡೆಯನ್ನು ಕಡಿಮೆ ಮಾಡುವ ಹೊರಕವಚ ಇವು ಇದರ ಸಾಮಾನ್ಯ ಲಕ್ಷಣಗಳು. ಭಾರತದ ಮಾರುಕಟ್ಟೆಯಲ್ಲಿ ಸುಮಾರು 150 ಸಿಸಿಯಿಂದ 1,000 ಸಿಸಿಯವರೆಗಿನ ಸ್ಪೋರ್ಟ್ಸ್ ಬೈಕುಗಳು ದೊರೆಯುತ್ತವೆ. ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ "ಎಷ್ಟು ಸಿಸಿ?" ಎಂಬುದು. ಆದರೆ ಸಿಸಿ ಎಂಬುದು ಎಂಜಿನ್ನಿನ ಒಂದು ಅಳತೆ ಮಾತ್ರ. ಬೈಕು ಓಡಬೇಕಾದ ರಸ್ತೆ, ಸವಾರನ ಅನುಭವ, ಕಾನೂನು ಮತ್ತು ವೆಚ್ಚ ಇವುಗಳನ್ನು ಕೂಡಿಸಿ ನೋಡಿದಾಗಲೇ ಆ ಅಳತೆಗೆ ಅರ್ಥ ಬರುತ್ತದೆ.

ಎಂಜಿನ್ ಗಾತ್ರ ಎಂದರೇನು

ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಕೆಳತುದಿಯಿಂದ ಮೇಲ್ತುದಿಗೆ ಚಲಿಸುವಾಗ ಆಕ್ರಮಿಸುವ ಅವಕಾಶದ ಘನ ಅಳತೆಯೇ ಎಂಜಿನ್ನಿನ ಗಾತ್ರ. ಇದನ್ನು ಘನ ಸೆಂಟಿಮೀಟರುಗಳಲ್ಲಿ, ಅಂದರೆ ಸಿಸಿಯಲ್ಲಿ ಹೇಳುತ್ತಾರೆ. ಸಿಲಿಂಡರಿನ ಅಡ್ಡಳತೆ ಮತ್ತು ಪಿಸ್ಟನ್ ಚಲಿಸುವ ದೂರ ತಿಳಿದಿದ್ದರೆ, ಪ್ರೌಢಶಾಲೆಯಲ್ಲಿ ಕಲಿತ ಸಿಲಿಂಡರಿನ ಘನಫಲದ ಸೂತ್ರದಿಂದಲೇ ಇದನ್ನು ಲೆಕ್ಕ ಹಾಕಬಹುದು. ಯಮಾಹಾ ಆರ್15 ಬೈಕಿನ ಈಗಿನ ಎಂಜಿನ್ನಿನಲ್ಲಿ ಅಡ್ಡಳತೆ 58 ಮಿ.ಮೀ., ಚಲನೆಯ ದೂರ 58.7 ಮಿ.ಮೀ. ಅರ್ಧ ಅಡ್ಡಳತೆಯ ವರ್ಗವನ್ನು ಪೈ ಮತ್ತು ಚಲನೆಯ ದೂರದಿಂದ ಗುಣಿಸಿದರೆ ಸುಮಾರು 155 ಸಿಸಿ ಬರುತ್ತದೆ. ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಿದ್ದರೆ ಈ ಮೊತ್ತವನ್ನು ಅವುಗಳ ಸಂಖ್ಯೆಯಿಂದ ಗುಣಿಸಬೇಕು. ಕವಾಸಾಕಿ ನಿಂಜಾ 300ರಲ್ಲಿ ಎರಡು ಸಿಲಿಂಡರುಗಳಿವೆ. ಒಂದೊಂದರ ಗಾತ್ರ ಸುಮಾರು 148 ಸಿಸಿ, ಒಟ್ಟು 296 ಸಿಸಿ.

ಗಾತ್ರವೂ ಶಕ್ತಿಯೂ ಒಂದೇ ಅಲ್ಲ

ದೊಡ್ಡ ಎಂಜಿನ್ ಒಂದು ಸುತ್ತಿನಲ್ಲಿ ಹೆಚ್ಚು ಗಾಳಿ ಮತ್ತು ಇಂಧನವನ್ನು ಒಳಗೆಳೆದುಕೊಳ್ಳುವುದರಿಂದ ಹೆಚ್ಚು ಶಕ್ತಿಯನ್ನು ಕೊಡಬಲ್ಲದು. ಆದರೆ ಎಷ್ಟು ಶಕ್ತಿ ದೊರೆಯುತ್ತದೆ ಎಂಬುದು ಎಂಜಿನ್ನಿನ ರಚನೆ, ಇಂಧನ ಪೂರೈಕೆಯ ವಿಧಾನ ಮತ್ತು ನಿಮಿಷಕ್ಕೆ ಅದು ಎಷ್ಟು ಸುತ್ತು ತಿರುಗಬಲ್ಲದು ಎಂಬುದನ್ನೂ ಅವಲಂಬಿಸಿದೆ.

ಕರ್ನಾಟಕದ ಮೋಟಾರ್‌ಸೈಕಲ್ ಇತಿಹಾಸದಲ್ಲೇ ಇದಕ್ಕೆ ನಿದರ್ಶನವಿದೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿತು. ಅಲ್ಲಿಂದ ಬಂದ ಯೆಜ್ಡಿ ರೋಡ್‌ಕಿಂಗ್‌ನ ಟೂ-ಸ್ಟ್ರೋಕ್ ಎಂಜಿನ್ 250 ಸಿಸಿಯದು. ಅದರ ಶಕ್ತಿ ಸುಮಾರು 16 ಅಶ್ವಶಕ್ತಿ. ಇಂದಿನ ಆರ್15 ಕೇವಲ 155 ಸಿಸಿ ಗಾತ್ರದಲ್ಲಿ ಸುಮಾರು 18 ಅಶ್ವಶಕ್ತಿಯನ್ನು ಕೊಡುತ್ತದೆ. ಹೀಗಾಗಿ ಬೇರೆ ಬೇರೆ ಕಾಲದ, ಬೇರೆ ಬೇರೆ ರಚನೆಯ ಬೈಕುಗಳನ್ನು ಸಿಸಿಯಿಂದ ಮಾತ್ರ ಹೋಲಿಸುವುದು ಸರಿಯಾಗದು.

ಶಕ್ತಿಯ ಜೊತೆಗೆ ಗಮನಿಸಬೇಕಾದ ಇನ್ನೊಂದು ಗುಣ ಟಾರ್ಕ್, ಅಂದರೆ ಎಂಜಿನ್ ಉಂಟುಮಾಡುವ ತಿರುಗಿಸುವ ಬಲ. ಹಿಂಬದಿಯಲ್ಲಿ ಒಬ್ಬರನ್ನು ಕೂರಿಸಿಕೊಂಡು ಘಾಟಿ ಏರುವಾಗ, ಲಾರಿಯೊಂದನ್ನು ಹಿಂದಿಕ್ಕುವಾಗ ನೆರವಾಗುವುದು ಇದೇ. ಆರ್15ರ ಗರಿಷ್ಠ ಟಾರ್ಕ್ ಸುಮಾರು 14 ನ್ಯೂಟನ್-ಮೀಟರ್. 312 ಸಿಸಿಯ ಟಿವಿಎಸ್ ಅಪಾಚೆ ಆರ್‌ಆರ್ 310ರದು ಸುಮಾರು 27. ಚಿಕ್ಕ ಎಂಜಿನ್ನಿನ ಸವಾರನು ಏರಿನಲ್ಲಿ ಮತ್ತೆ ಮತ್ತೆ ಗೇರ್ ಇಳಿಸಬೇಕಾಗುವುದೂ, ದೊಡ್ಡ ಎಂಜಿನ್ನಿನ ಸವಾರನು ಅದೇ ಗೇರಿನಲ್ಲಿ ನಿರಾಯಾಸವಾಗಿ ಸಾಗುವುದೂ ಈ ಕಾರಣದಿಂದಲೇ.

ಬೈಕಿನ ಓಟವನ್ನು ನಿರ್ಧರಿಸುವುದು ಶಕ್ತಿ ಮತ್ತು ತೂಕದ ಅನುಪಾತ. ಸವಾರನ ತೂಕ 65 ಕಿ.ಗ್ರಾಂ. ಎಂದಿಟ್ಟುಕೊಂಡರೆ, ಒಟ್ಟು ತೂಕದ ಪ್ರತಿ ಟನ್ನಿಗೆ ದೊರೆಯುವ ಅಶ್ವಶಕ್ತಿ ಸುಮಾರಾಗಿ ಹೀಗಿರುತ್ತದೆ:

• ಯಮಾಹಾ ಆರ್15: 155 ಸಿಸಿ, ಬೈಕಿನ ತೂಕ ಸುಮಾರು 142 ಕಿ.ಗ್ರಾಂ., ಟನ್ನಿಗೆ 89
• ಟಿವಿಎಸ್ ಅಪಾಚೆ ಆರ್‌ಆರ್ 310, 34 ಅಶ್ವಶಕ್ತಿಯ ಆವೃತ್ತಿ: 312 ಸಿಸಿ, 174 ಕಿ.ಗ್ರಾಂ., ಟನ್ನಿಗೆ 142
• ಕೆಟಿಎಂ ಆರ್‌ಸಿ 390: 373 ಸಿಸಿ, 172 ಕಿ.ಗ್ರಾಂ., ಟನ್ನಿಗೆ 184

ಮೊದಲನೆಯದಕ್ಕೂ ಮೂರನೆಯದಕ್ಕೂ ತೂಕದಲ್ಲಿರುವ ಅಂತರ 30 ಕಿ.ಗ್ರಾಂ. ಮಾತ್ರ, ಬಲದಲ್ಲಿರುವ ಅಂತರ ಇಮ್ಮಡಿಗಿಂತ ಹೆಚ್ಚು. ಆಕ್ಸಿಲರೇಟರನ್ನು ಅರಿಯದೆ ತುಸು ಹೆಚ್ಚು ತಿರುಗಿಸಿದರೂ ಚಿಕ್ಕ ಬೈಕು ಹೊಸ ಸವಾರನಿಗೆ ತಿದ್ದಿಕೊಳ್ಳಲು ಸಮಯ ಕೊಡುತ್ತದೆ. ದೊಡ್ಡದು ಕೊಡುವುದಿಲ್ಲ.

ಗಾತ್ರದ ವರ್ಗಗಳು

150–200 ಸಿಸಿ: ಹಗುರವಾದ, ಕಲಿಕೆಗೆ ಹೊಂದುವ ವರ್ಗ. ಆರ್15 2008ರಲ್ಲಿ ಭಾರತಕ್ಕೆ ಬಂದಿತು. ಕೆಟಿಎಂ ಆರ್‌ಸಿ 200 ಇದೇ ವರ್ಗದ ಮೇಲಂಚಿನಲ್ಲಿದೆ. ದಿನನಿತ್ಯದ ಓಡಾಟ ಮತ್ತು ಆಗಾಗಿನ ದೂರಪ್ರಯಾಣಕ್ಕೆ ಇವು ಸಾಕು.

250–400 ಸಿಸಿ: ಹೆದ್ದಾರಿಯ ದೂರಪ್ರಯಾಣ ಮತ್ತು ಘಾಟಿ ರಸ್ತೆಗಳಲ್ಲಿ ಆಯಾಸ ಕಡಿಮೆ. 2017ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಅಪಾಚೆ ಆರ್‌ಆರ್ 310 ಟಿವಿಎಸ್ ಮತ್ತು ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆಗಳ ಸಹಯೋಗದ ಫಲ. ಇವುಗಳನ್ನು ಎರಡನೆಯ ಬೈಕಾಗಿ ಕೊಳ್ಳುವುದು ಒಳ್ಳೆಯದು.

600–1,000 ಸಿಸಿ: ಬಹುತೇಕ ನಾಲ್ಕು ಸಿಲಿಂಡರುಗಳ, ರೇಸ್ ಪಥದ ಅಗತ್ಯಗಳಿಂದ ಹುಟ್ಟಿದ ಬೈಕುಗಳು. ಇವುಗಳಲ್ಲಿ ಹಲವು ಮೊದಲನೆಯ ಗೇರಿನಲ್ಲೇ ಗಂಟೆಗೆ 100 ಕಿ.ಮೀ. ಮೀರಬಲ್ಲವು.

ರಸ್ತೆಯ ಲೆಕ್ಕ: ಮಡಂತ್ಯಾರಿನ ಉದಾಹರಣೆ

ಬೈಕಿನ ಆಯ್ಕೆಯು ಅದು ಓಡುವ ರಸ್ತೆಯಿಂದ ಆರಂಭವಾಗಬೇಕು. ಬೆಳ್ತಂಗಡಿ ತಾಲ್ಲೂಕಿನ ಮಡಂತ್ಯಾರು ಮಂಗಳೂರಿನಿಂದ ಚಾರ್ಮಾಡಿಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿದೆ. ಇಲ್ಲಿನ ವಿದ್ಯಾರ್ಥಿಗಳು ಮತ್ತು ಉದ್ಯೋಗಿಗಳ ನಿತ್ಯದ ಓಡಾಟ ಬಂಟ್ವಾಳ, ಬೆಳ್ತಂಗಡಿ, ಉಜಿರೆ, ವೇಣೂರು ಮತ್ತು ಮೂಡುಬಿದಿರೆಗಳ ನಡುವಿನದು. ಹೆದ್ದಾರಿ ಅಗಲಗೊಂಡ ಕಡೆ ವೇಗಕ್ಕೆ ಅವಕಾಶವಿದ್ದರೂ ಪೇಟೆಗಳು, ಬಸ್ ತಂಗುದಾಣಗಳು, ಶಾಲೆಗಳು ಮತ್ತು ಮನೆದಾರಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಳರಸ್ತೆಗಳು ಏರಿಳಿತ ಮತ್ತು ತಿರುವುಗಳಿಂದ ಕೂಡಿದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಬಹುಪಾಲು ಒದ್ದೆಯಾಗಿರುತ್ತದೆ. ಅಂಚಿನಲ್ಲಿ ಕೆಂಪು ಮಣ್ಣು, ಮರಗಳ ನೆರಳಿನಲ್ಲಿ ಪಾಚಿ, ಉದುರಿದ ಎಲೆ ಇವೆಲ್ಲ ಟೈರಿನ ಹಿಡಿತವನ್ನು ತಗ್ಗಿಸುತ್ತವೆ. ಪೂರ್ವಕ್ಕೆ ಸಾಗಿದರೆ ಚಾರ್ಮಾಡಿ ಘಾಟಿಯ ಹಿಮ್ಮುರಿ ತಿರುವುಗಳು.

ಇಂಥ ರಸ್ತೆಯಲ್ಲಿ ವೇಗದ ಮಿತಿಯನ್ನು ಎಂಜಿನ್ ಹೇಳುವುದಿಲ್ಲ, ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ ಹೇಳುತ್ತದೆ. ಒದ್ದೆ ರಸ್ತೆಯ ಘರ್ಷಣಾಂಕ 0.5 ಎಂದು ಇಟ್ಟುಕೊಳ್ಳೋಣ. 30 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ ಜಾರದೆ ಸಾಗಬಹುದಾದ ಗರಿಷ್ಠ ವೇಗ ಗಂಟೆಗೆ ಸುಮಾರು 44 ಕಿ.ಮೀ.; 20 ಮೀಟರ್ ತ್ರಿಜ್ಯದಲ್ಲಿ ಸುಮಾರು 36 ಕಿ.ಮೀ. ಈ ಲೆಕ್ಕದಲ್ಲಿ ಎಂಜಿನ್ನಿನ ಗಾತ್ರಕ್ಕೆ ಸ್ಥಾನವೇ ಇಲ್ಲ. 155 ಸಿಸಿಯ ಬೈಕಿಗೂ 1,000 ಸಿಸಿಯ ಬೈಕಿಗೂ ಆ ತಿರುವು ಒಂದೇ ಮಿತಿಯನ್ನು ವಿಧಿಸುತ್ತದೆ. ಭೇದವಿರುವುದು ಇಷ್ಟೇ: ತಿರುವಿಗೆ ಮುಂಚಿನ ಸಣ್ಣ ನೇರ ದಾರಿಯಲ್ಲಿ ದೊಡ್ಡ ಬೈಕು ಆ ಮಿತಿಯನ್ನು ಬಹುಬೇಗ ದಾಟಿಬಿಡುತ್ತದೆ.

ನಿಲ್ಲುವ ದೂರದ ಲೆಕ್ಕವೂ ಹೀಗೆಯೇ. ಅಪಾಯವನ್ನು ಕಂಡು ಬ್ರೇಕ್ ಹಾಕಲು ಒಂದು ಸೆಕೆಂಡ್ ಹಿಡಿಯುತ್ತದೆ ಎಂದು ಭಾವಿಸಿದರೆ, ಒದ್ದೆ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದ ಬೈಕು ನಿಲ್ಲಲು ಸುಮಾರು 45 ಮೀಟರ್ ಬೇಕು; 80 ಕಿ.ಮೀ. ವೇಗದಲ್ಲಿ ಸುಮಾರು 73 ಮೀಟರ್. ವೇಗ ಮೂರನೆಯ ಒಂದು ಭಾಗದಷ್ಟು ಹೆಚ್ಚಿದರೆ ನಿಲ್ಲುವ ದೂರ ಶೇಕಡ 60ರಷ್ಟು ಹೆಚ್ಚುತ್ತದೆ. ಆದ್ದರಿಂದ ಬೈಕು ಕೊಳ್ಳುವಾಗ ಸಿಸಿಗಿಂತ ಮುಂಚೆ ವಿಚಾರಿಸಬೇಕಾದದ್ದು ಬ್ರೇಕ್, ಟೈರು ಮತ್ತು ಎಬಿಎಸ್. ಗಾಬರಿಯಿಂದ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆಯೇ ಎಬಿಎಸ್. ಭಾರತದಲ್ಲಿ 125 ಸಿಸಿಗಿಂತ ದೊಡ್ಡ ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದ ಇದು ಕಡ್ಡಾಯವಾಯಿತು. ಕೆಲವು ಬೈಕುಗಳಲ್ಲಿ ಇದು ಮುಂಚಕ್ರಕ್ಕೆ ಮಾತ್ರ ಇರುತ್ತದೆ. ಎರಡೂ ಚಕ್ರಗಳಿಗೆ ಇರುವುದನ್ನು ಆರಿಸುವುದು ಮಳೆನಾಡಿಗೆ ಉಚಿತ.

ಕಾನೂನು

ಹಲವು ದೇಶಗಳಲ್ಲಿ ಸವಾರನು ಚಿಕ್ಕ ಬೈಕಿನಿಂದ ದೊಡ್ಡದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆಂಬ ನಿಯಮವಿದೆ. ಐರೋಪ್ಯ ಒಕ್ಕೂಟದಲ್ಲಿ ಮೊದಲ ಹಂತದ ಪರವಾನಗಿ 125 ಸಿಸಿ ಮತ್ತು 11 ಕಿಲೋವ್ಯಾಟ್‌ಗೆ ಸೀಮಿತ; ಎರಡನೆಯ ಹಂತದ್ದು 35 ಕಿಲೋವ್ಯಾಟ್‌ಗೆ; ಮೂರನೆಯ ಹಂತದ್ದು ಮಿತಿಯಿಲ್ಲದ ಪರವಾನಗಿ. ಜಪಾನಿನಲ್ಲಿ 400 ಸಿಸಿ ಮೀರಿದ ಬೈಕಿಗೆ ಪ್ರತ್ಯೇಕ ಪರವಾನಗಿ ಬೇಕು.

ಭಾರತದ 1988ರ ಮೋಟಾರು ವಾಹನ ಕಾಯಿದೆಯಲ್ಲಿ ಇಂಥ ಮೆಟ್ಟಿಲುಗಳಿಲ್ಲ. ಹದಿನಾರು ವರ್ಷ ತುಂಬಿದವರು 50 ಸಿಸಿ ಮೀರದ ವಾಹನವನ್ನು ನಡೆಸಬಹುದು. ಹದಿನೆಂಟು ತುಂಬಿ ಗೇರ್ ಸಹಿತ ಮೋಟಾರ್‌ಸೈಕಲ್ ಪರವಾನಗಿ ಪಡೆದವರು 100 ಸಿಸಿಯ ಬೈಕನ್ನೂ 1,000 ಸಿಸಿಯ ಬೈಕನ್ನೂ ಅದೇ ಪರವಾನಗಿಯಲ್ಲಿ ಓಡಿಸಬಹುದು. ಬೇರೆಡೆ ಕಾನೂನು ನಿರ್ವಹಿಸುವ ಹೊಣೆಯು ಇಲ್ಲಿ ಸವಾರನ ಮತ್ತು ಹಣ ಕೊಡುವ ಪೋಷಕರ ವಿವೇಚನೆಗೆ ಬಿಟ್ಟದ್ದಾಗಿದೆ.

ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧವೆಸಗಿದರೆ, 2019ರ ತಿದ್ದುಪಡಿಯಂತೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗಿನ ಸೆರೆವಾಸ ವಿಧಿಸಬಹುದು. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಆ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯುವುದಿಲ್ಲ. ಸವಾರ ಮತ್ತು ಹಿಂಬದಿ ಸವಾರ ಇಬ್ಬರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ಕಡ್ಡಾಯ.

ವೆಚ್ಚ

ಬೈಕಿನ ಬೆಲೆ ಒಮ್ಮೆ ಕೊಡುವಂಥದ್ದು. ಉಳಿದ ವೆಚ್ಚ ಅದರ ಆಯುಷ್ಯದುದ್ದಕ್ಕೂ ಬರುವಂಥದ್ದು.

ತೆರಿಗೆ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಶೇ. 18, ಅದನ್ನು ಮೀರಿದವುಗಳಿಗೆ ಶೇ. 40 ಜಿಎಸ್‌ಟಿ ನಿಗದಿಯಾಯಿತು. 312 ಸಿಸಿಯ ಬೈಕಿಗೂ 373 ಸಿಸಿಯ ಬೈಕಿಗೂ ಗಾತ್ರದಲ್ಲಿ ಅಂತರ ಚಿಕ್ಕದಾದರೂ ತೆರಿಗೆಯಲ್ಲಿ ಅದು ದೊಡ್ಡದು.

ವಿಮೆ: ಮೂರನೆಯ ವ್ಯಕ್ತಿಯ ಹಾನಿಗೆ ಸಂಬಂಧಿಸಿದ ಕಡ್ಡಾಯ ವಿಮೆಯ ಕಂತು ಎಂಜಿನ್ ಗಾತ್ರವನ್ನು ಅನುಸರಿಸುತ್ತದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ ವಾರ್ಷಿಕ ಕಂತು 75ರಿಂದ 150 ಸಿಸಿವರೆಗೆ 714 ರೂ., 150ರಿಂದ 350 ಸಿಸಿವರೆಗೆ 1,366 ರೂ., 350 ಸಿಸಿ ಮೀರಿದರೆ 2,804 ರೂ. ಕೇವಲ ಐದು ಸಿಸಿ ಹೆಚ್ಚಿರುವ 155 ಸಿಸಿ ಬೈಕು ಎರಡನೆಯ ವರ್ಗಕ್ಕೆ ಸೇರುತ್ತದೆ. ಇದರ ಮೇಲೆ ಜಿಎಸ್‌ಟಿ ಪ್ರತ್ಯೇಕ.

ಇಂಧನ: ತಿಂಗಳಿಗೆ 1,000 ಕಿ.ಮೀ. ಓಡುವ ಬೈಕು ಲೀಟರಿಗೆ 45 ಕಿ.ಮೀ. ಕೊಟ್ಟರೆ 22 ಲೀಟರ್, 30 ಕಿ.ಮೀ. ಕೊಟ್ಟರೆ 33 ಲೀಟರ್ ಪೆಟ್ರೋಲ್ ಬೇಕು.

ನಿರ್ವಹಣೆ: ಶಕ್ತಿ ಹೆಚ್ಚಿದಂತೆ ಟೈರು, ಚೈನು ಮತ್ತು ಬ್ರೇಕ್ ಪ್ಯಾಡುಗಳ ಬೆಲೆ ಏರುತ್ತದೆ. ಹೊರಕವಚವಿರುವ ಬೈಕು ನಿಂತಲ್ಲೇ ಮಗುಚಿದರೂ ದುರಸ್ತಿ ದುಬಾರಿ. ಬಿಡಿಭಾಗಗಳು ಮತ್ತು ಸೇವಾಕೇಂದ್ರ ಸಮೀಪದಲ್ಲಿವೆಯೇ ಎಂಬುದನ್ನು ಕೊಳ್ಳುವ ಮುಂಚೆಯೇ ವಿಚಾರಿಸಬೇಕು.

ಕ್ರೀಡೆಯಲ್ಲಿ ಎಂಜಿನ್ ಗಾತ್ರ

ದೊಡ್ಡ ಎಂಜಿನ್ನೇ ದೊಡ್ಡ ಸವಾರನ ಗುರುತು ಎಂಬ ಭಾವನೆಯನ್ನು ಕ್ರೀಡಾರಂಗವು ಸಮರ್ಥಿಸುವುದಿಲ್ಲ. ಜಗತ್ತಿನ ಅತ್ಯಂತ ಕಠಿಣ ಸ್ಪರ್ಧೆಗಳಲ್ಲಿ ಒಂದಾದ ಡಕಾರ್ ರ‍್ಯಾಲಿಯಲ್ಲಿ 2011ರಿಂದ ಬೈಕುಗಳ ಗಾತ್ರವನ್ನು 450 ಸಿಸಿಗೆ ಸೀಮಿತಗೊಳಿಸಲಾಗಿದೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಆ ರ‍್ಯಾಲಿಯಲ್ಲಿ ಸ್ಪರ್ಧಿಸಿ ಪೂರ್ಣಗೊಳಿಸಿದರು. ರಸ್ತೆ ರೇಸಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿಯೂ ಎಳೆಯ ಸವಾರರು 250 ಸಿಸಿಯ ಮೋಟೋ3 ವರ್ಗದಲ್ಲಿ ಪಳಗಿಯೇ ಮೇಲಿನ ವರ್ಗಗಳಿಗೆ ಏರುವುದು ವಾಡಿಕೆ.

ಆಯ್ಕೆಯ ಕ್ರಮ

ಬೈಕು ಕೊಳ್ಳುವವರು ಈ ಕೆಳಗಿನ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬಹುದು:

1. ವಾರದ ಆರು ದಿನ ಬೈಕು ಎಲ್ಲಿ ಓಡುತ್ತದೆ? ವರ್ಷಕ್ಕೆರಡು ಬಾರಿಯ ಪ್ರವಾಸಕ್ಕಾಗಿ ನಿತ್ಯದ ಓಡಾಟಕ್ಕೆ ಒಗ್ಗದ ಬೈಕನ್ನು ಕೊಳ್ಳಬಾರದು.
2. ಗೇರ್ ಇರುವ ಬೈಕನ್ನು ಒಂದು ಪೂರ್ತಿ ಮಳೆಗಾಲ ಓಡಿಸಿದ ಅನುಭವವಿದೆಯೇ? ಇಲ್ಲವಾದರೆ 150–200 ಸಿಸಿ ವರ್ಗವೇ ಸೂಕ್ತ.
3. ಆಸನದಲ್ಲಿ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಊರುತ್ತವೆಯೇ? ಇಳಿಜಾರಿನಲ್ಲಿ ಬೈಕನ್ನು ಹಿಂದಕ್ಕೆ ತಳ್ಳಲು ಸಾಧ್ಯವೇ?
4. ಹಿಂಬದಿಯಲ್ಲಿ ಯಾರಾದರೂ ನಿತ್ಯ ಕೂರುವವರಿದ್ದಾರೆಯೇ? ಸ್ಪೋರ್ಟ್ಸ್ ಬೈಕಿನ ಎತ್ತರದ, ಕಿರಿದಾದ ಹಿಂಬದಿ ಆಸನ ಹಿರಿಯರಿಗೆ ಅನುಕೂಲವಲ್ಲ.
5. ವಿಮೆ, ಇಂಧನ ಮತ್ತು ಟೈರುಗಳ ವೆಚ್ಚವನ್ನು ಭರಿಸಿದ ಮೇಲೂ ಒಳ್ಳೆಯ ಹೆಲ್ಮೆಟ್, ಕೈಗವಸು, ಜಾಕೆಟ್ ಮತ್ತು ಗಟ್ಟಿ ಬೂಟುಗಳಿಗೆ ಹಣ ಉಳಿಯುತ್ತದೆಯೇ?

ಐದನೆಯ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದರೆ ಒಂದು ವರ್ಗ ಕೆಳಗಿಳಿದು, ಉಳಿದ ಹಣವನ್ನು ರಕ್ಷಣಾ ಸಾಮಗ್ರಿಗಳಿಗೆ ವಿನಿಯೋಗಿಸುವುದು ಸರಿಯಾದ ಮಾರ್ಗ. ಚಿಕ್ಕ ಬೈಕಿನಲ್ಲಿ ಎರಡು ಮೂರು ವರ್ಷ ಕಳೆದವರು ಅದನ್ನು ಮಾರಿ ದೊಡ್ಡದನ್ನು ಕೊಳ್ಳಬಹುದು. ಸಿದ್ಧತೆಯಿಲ್ಲದೆ ದೊಡ್ಡದನ್ನು ಕೊಂಡವರಿಗೆ ಕಲಿಯುವ ಕಾಲಾವಕಾಶವನ್ನು ರಸ್ತೆಯು ಯಾವಾಗಲೂ ಕೊಡುವುದಿಲ್ಲ.