ಚಿಪ್ಪಿನ ಹೊಳಪಿನ ಕಾಗದ: ಪಟ್ಟಿಗೆ ಸೇರಿದರೆ ಕಸುಬು ಉಳಿಯುತ್ತಾ?

2025ರ ಡಿಸೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಯುನೆಸ್ಕೋ ಸಮಿತಿಯ ಸಭೆ ನಡೆಯಿತು. ದೀಪಾವಳಿ ಪರಂಪರೆಯ ಪಟ್ಟಿಗೆ ಸೇರಿದ್ದು ನಮ್ಮಲ್ಲಿ ದೊಡ್ಡ ಸುದ್ದಿಯಾಯಿತು. ಅದೇ ಸಭೆಯಲ್ಲಿ ವಿಯೆಟ್ನಾಮಿನ ಡೋಂಗ್ ಹೋ ಚಿತ್ರಗಳ ಕಸುಬು ಇನ್ನೊಂದು ಪಟ್ಟಿಗೆ ಸೇರಿತು. ಅದು 'ತುರ್ತಾಗಿ ಉಳಿಸಬೇಕಾದವು' ಎಂಬ ಪಟ್ಟಿ. ಅಂದರೆ ಐಸಿಯು ವಾರ್ಡ್ ಅಂದುಕೊಳ್ಳಿ.

ಕಾಗದದಲ್ಲೇನು ವಿಶೇಷ?

ಡೋಂಗ್ ಹೋ, ಹನೋಯಿಯಿಂದ ಸುಮಾರು 35 ಕಿ.ಮೀ. ದೂರದ ಬಾಕ್ ನಿನ್ ಪ್ರಾಂತ್ಯದ ಹಳ್ಳಿ. ಇಲ್ಲಿನ ಚಿತ್ರಗಳಿಗೆ ಮೂಲ 'ಝೋ' ಎಂಬ ಗಿಡದ ತೊಗಟೆ. ಅದನ್ನು ನೆನೆಸಿ, ಸುಣ್ಣ ಹಾಕಿ ಬೇಯಿಸಿ, ಕುಟ್ಟಿ, ತಿಳಿಯಾದ ತಿರುಳನ್ನು ಬಿದಿರಿನ ಜರಡಿಯಲ್ಲಿ ಎತ್ತಿದರೆ ಹಗುರವಾದ ಗಟ್ಟಿ ಕಾಗದ ಸಿಗುತ್ತದೆ.

ಆಮೇಲೆ ಬರುವುದು 'ಡಿಯೆಪ್'. ಕಡಲ ಚಿಪ್ಪನ್ನು ನುಣ್ಣಗೆ ಪುಡಿ ಮಾಡಿ, ಅಕ್ಕಿ ಗಂಜಿಯ ಅಂಟಿಗೆ ಕಲಸಿ, ಪೈನ್ ಎಲೆಗಳ ಕುಂಚದಿಂದ ಕಾಗದಕ್ಕೆ ಬಳಿಯುತ್ತಾರೆ. ಎಲೆಯ ಎಳೆಗಳು ಸಣ್ಣ ಗೆರೆಗಳನ್ನು ಬಿಡುತ್ತವೆ, ಚಿಪ್ಪಿನ ಕಣಗಳು ಬೆಳಕಿಗೆ ಮಿನುಗುತ್ತವೆ. ಬಣ್ಣವನ್ನು ನೀರಿನ ಮೇಲೆ ತೇಲಿಸಿ ಕಾಗದಕ್ಕೆ ಹಿಡಿಸುವ ಮಾರ್ಬಲಿಂಗ್ ಬೇರೆ. ಇಲ್ಲಿ ವಿನ್ಯಾಸ ಹುಟ್ಟುವುದು ಕುಂಚದ ಎಳೆತದಿಂದ. ಇವತ್ತಿನ ನುಣುಪಾದ ಆರ್ಟ್ ಪೇಪರ್‌ಗೆ ಬಳಿಯುವುದೂ ಬಹುತೇಕ ಚಿಪ್ಪಿನಲ್ಲಿರುವ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್ ಅನ್ನೇ!

ಬಣ್ಣಗಳೂ ಸುತ್ತಮುತ್ತಲಿನವೇ. ಬಿದಿರೆಲೆ ಸುಟ್ಟ ಮಸಿಯಿಂದ ಕಪ್ಪು, ನೀಲಿ ಗಿಡದಿಂದ ನೀಲಿ, ಕೆಂಪು ಕಲ್ಲಿನ ಪುಡಿಯಿಂದ ಕೆಂಪು. ಬಣ್ಣಕ್ಕೊಂದು ಮರದ ಅಚ್ಚು. ಅಚ್ಚಿಗೆ ಒತ್ತಿದ ಕಾಗದದ ಬೆನ್ನನ್ನು ಒಣಗಿದ ತುಪ್ಪದ ಹೀರೆಯ ನಾರಿನಿಂದ ಉಜ್ಜುತ್ತಾರೆ. ಕಪ್ಪು ಗೆರೆ ಕೊನೆಗೆ.

ಲಂಚ ಕೊಡುವ ಇಲಿಗಳು

ಇವು ರಾಜರ ಅರಮನೆಗೆ ಮಾಡಿದ ಕಲೆಯಲ್ಲ. ಚಾಂದ್ರಮಾನ ಹೊಸ ವರ್ಷ 'ಟೆಟ್' ಬಂತೆಂದರೆ ರೈತರು ಅಗ್ಗಕ್ಕೆ ಕೊಂಡು ಗೋಡೆಗೆ ಅಂಟಿಸುತ್ತಿದ್ದರು, ಮುಂದಿನ ವರ್ಷ ಹೊಸದು. ಅತಿ ಪ್ರಸಿದ್ಧ ಚಿತ್ರ 'ಇಲಿಯ ಮದುವೆ'. ಕೆಳಗೆ ಕುದುರೆ ಮೇಲೆ ಮದುಮಗ, ಪಲ್ಲಕ್ಕಿಯಲ್ಲಿ ಮದುಮಗಳು. ಮೇಲೆ ಬೆಕ್ಕಿಗೆ ಹಕ್ಕಿ, ಮೀನು ಕೊಡಲು ಸಾಲಾಗಿ ಹೊರಟ ಇಲಿಗಳು. ದಿಬ್ಬಣ ಸುಸೂತ್ರವಾಗಿ ಸಾಗಬೇಕಾದರೆ 'ಸಾಹೇಬರಿಗೆ' ಸಲ್ಲಬೇಕಾದ್ದು ಸಲ್ಲಬೇಕು. ವಿವರಣೆ ಬೇಕಾ? ತಾಲೂಕು ಕಚೇರಿ ಮೆಟ್ಟಿಲು ಹತ್ತಿದವರಿಗೆ ಬೇಡ.

ಹಾಗಾದರೆ ಸೋತಿದ್ದೆಲ್ಲಿ?

ಯುದ್ಧಗಳು ಬಂದವು, ಆಮೇಲೆ ಮಷಿನ್‌ನಲ್ಲಿ ಅಚ್ಚಾದ ಹೊಳೆಯುವ ಕ್ಯಾಲೆಂಡರ್‌ಗಳು ಗೋಡೆ ಹಿಡಿದವು. ಈಗ ಹಳ್ಳಿಯಲ್ಲಿ ಚಿತ್ರ ಮುದ್ರಿಸುವುದು ಬೆರಳೆಣಿಕೆಯ ಕುಟುಂಬಗಳು ಮಾತ್ರ. ಉಳಿದವರು ಕಾಗದ ಬಿಟ್ಟಿಲ್ಲ, ಗಮನಿಸಿ. ಸತ್ತ ಹಿರಿಯರಿಗೆಂದು ಸುಡುವ ಕಾಗದದ ಮನೆ, ಕಾರುಗಳನ್ನು ಮಾಡುತ್ತಿದ್ದಾರೆ. ಆ ಬೇಡಿಕೆ ಪ್ರತಿ ವರ್ಷ ಇದೆ, ಯಾಕೆಂದರೆ ಸುಟ್ಟಿದ್ದು ಮತ್ತೆ ಬೇಕು.

ಅದೇ ಪ್ರಾಂತ್ಯದ ಫೊಂಗ್ ಖೆ ಒಂದು ಕಾಲಕ್ಕೆ ಝೋ ಕಾಗದದ ಊರು. ಈಗ ಅಲ್ಲಿ ರದ್ದಿ ಕಾಗದ ಮರುಬಳಕೆಯ ಕಾರ್ಖಾನೆಗಳು. ಹೊಗೆ, ಕೊಳಚೆ ನೀರಿಗೇ ಅದರ ಹೆಸರು.

ಎರಡೂ ಕಡೆ ಕೈಗಳಿಗೆ ಕೌಶಲ ಮರೆತಿರಲಿಲ್ಲ, ಮಾರುಕಟ್ಟೆ ಜಾಗ ಬದಲಿಸಿತು ಅಷ್ಟೆ. 'ಸಂಸ್ಕೃತಿ ನಶಿಸುತ್ತಿದೆ' ಎನ್ನುವ ಗೋಳಾಟದಲ್ಲಿ ಈ ಸಂಗತಿ ತಪ್ಪಿಹೋಗುತ್ತದೆ. ಕಸುಬು ಉಳಿಯುವುದು ಪ್ರತಿ ವರ್ಷ ಕೊಳ್ಳುವವರಿದ್ದಾಗ. ಪಟ್ಟಿಯಿಂದ ಅನುದಾನ ಬರಬಹುದು, ಟೂರಿಸ್ಟ್ ಬರಬಹುದು. ಆದರೆ ಟೂರಿಸ್ಟ್ ಕೊಳ್ಳುವುದು ಒಮ್ಮೆ, ಅದೂ ಫ್ರೇಮ್ ಹಾಕಿಸಲು. ವರ್ಷಕ್ಕೊಮ್ಮೆ ಹರಿದು ಬಿಸಾಡಲೆಂದೇ ಹುಟ್ಟಿದ ಚಿತ್ರ ಗಾಜಿನ ಹಿಂದೆ ಕುಳಿತರೆ ಅಚ್ಚು ಉಳಿಯುತ್ತದೆ, ಅಚ್ಚೊತ್ತುವವರು ಉಳಿಯುವುದಿಲ್ಲ.

ಹಾಗಾಗಿ ಯಾವುದೇ ಸರ್ಕಾರ, ಅಲ್ಲಿಯದಾಗಲಿ ಇಲ್ಲಿಯದಾಗಲಿ, 'ಪರಂಪರೆ ಉಳಿಸಿದೆವು' ಎಂದು ಪೋಸ್ಟರ್ ಹಾಕಿದಾಗ ಕೇಳಬೇಕಾದ ಪ್ರಶ್ನೆ ಸರಳ: ಪಟ್ಟಿಗೆ ಸೇರಿಸಿದ್ದು ಸರಿ ಸ್ವಾಮಿ, ಮುಂದಿನ ವರ್ಷ ಕೊಳ್ಳುವವರು ಯಾರು?